ಆಟ, ನೋಟ ಮತ್ತು ಪಾಠ

ಕನ್ನಡದಲ್ಲಿ 'ಆಟ' ಎಂಬುದು ಎರಡೇ ಅಕ್ಷರಗಳ ಮಾತು. ಆದರೆ ಅದರ ಹೊಟ್ಟೆ ಬಲು ದೊಡ್ಡದು. ಮಕ್ಕಳು ಅಂಗಳದಲ್ಲಿ ಚಿಣಿಫಣಿ, ಲಗೋರಿ ಆಡಿದರೆ ಅದು ಆಟ. ಜಾತ್ರೆಯ ರಾತ್ರಿ ಬಣ್ಣ ಬಳಿದುಕೊಂಡು, ಕಿರೀಟ ಕಟ್ಟಿಕೊಂಡು, ಬೆಳಗಿನ ಕೋಳಿ ಕೂಗುವವರೆಗೆ ಪುರಾಣದ ಕಥೆಯನ್ನು ಕುಣಿದು ಹೇಳಿದರೆ ಅದೂ ಆಟವೇ: ಬಯಲಾಟ, ದೊಡ್ಡಾಟ, ಸಣ್ಣಾಟ. ಸಿನೇಮಾ ಟಾಕೀಜುಗಳು ಬಂದ ಮೇಲೆ ಅಲ್ಲಿ ನಡೆಯುವುದಕ್ಕೂ ನಮ್ಮ ಹಿರಿಯರು ಬೇರೆ ಹೆಸರು ಹುಡುಕಲಿಲ್ಲ. 'ಮೊದಲನೇ ಆಟಕ್ಕೆ ಹೋದರು, ಎರಡನೇ ಆಟ ನೋಡಿ ಬಂದರು' ಎಂದೇ ಹೇಳಿದರು. ಹೀಗೆ ಆಡುವುದು, ಕುಣಿಯುವುದು, ನೋಡುವುದು ಈ ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ಭಾಷೆ ನಮ್ಮದು.

ಈ ಮಾತನ್ನು ನೆನಪಿಸಲು ಕಾರಣವಿದೆ. ಇತ್ತೀಚಿನ ವರುಷಗಳಲ್ಲಿ ವ್ಹಿಡಿಯೋ ಗೇಮುಗಳನ್ನು ಆಧರಿಸಿದ ಚಲನಚಿತ್ರಗಳು ಬರುತ್ತಿವೆ. ಅವುಗಳಲ್ಲಿ ಕೆಲವು ನಗೆಚಿತ್ರಗಳು. ಮಕ್ಕಳು ಅವನ್ನು ಹಿಂದಿಯಲ್ಲಿಯೋ ಇಂಗ್ಲೀಷಿನಲ್ಲಿಯೋ ಮೊಬೈಲಿನ ಮೇಲೆ ನೋಡುತ್ತಾರೆ. ಪಾಲಕರು ನೋಡಿ ಹಣೆ ಗಂಟಿಕ್ಕುತ್ತಾರೆ. 'ಗೇಮು ಆಡಿ ಕೆಟ್ಟದ್ದು ಸಾಲದೆಂದು ಈಗ ಗೇಮಿನ ಸಿನೇಮಾ ಬೇರೆ' ಎಂಬುದು ಅವರ ಕೊರಗು. ಈ ಕೊರಗಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಗೇಮು ಆಡುವುದು ಬೇರೆ, ಗೇಮು ಆಡುವವನ ಕಥೆಯನ್ನು ನಗುತ್ತ ನೋಡುವುದು ಬೇರೆ. ಎರಡನೆಯದರಲ್ಲಿ ಒಳ್ಳೆಯ ಪಾಠ ಇರಬಲ್ಲದೆಂದೂ, ಆ ಪಾಠ ಇಂದಿನ ಮಕ್ಕಳಿಗೆ ಅಗತ್ಯವೆಂದೂ ನನ್ನ ನಂಬಿಕೆ.

ಮೊದಲು ಈ ಗೇಮುಗಳ ಕುಲಗೋತ್ರವನ್ನು ತುಸು ತಿಳಿಯೋಣ. 1972ರಲ್ಲಿ ಅಮೇರಿಕೆಯ ಅಟಾರಿ ಕಂಪನಿ 'ಪಾಂಗ್' ಎಂಬ ಆಟವನ್ನು ಹೊರತಂದಿತು. ತೆರೆಯ ಮೇಲೆ ಎರಡು ಗೆರೆಗಳು, ನಡುವೆ ಪುಟಿಯುವ ಒಂದು ಚುಕ್ಕೆ, ಅಷ್ಟೇ. 1980ರಲ್ಲಿ ಜಪಾನಿನಿಂದ 'ಪ್ಯಾಕ್-ಮ್ಯಾನ್' ಬಂದಿತು. 1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ 'ಸೂಪರ್ ಮಾರಿಯೋ ಬ್ರದರ್ಸ್' ಬಂದು ಮನೆಮನೆಯ ಮಾತಾಯಿತು. ಅದರಲ್ಲಿ ಮೀಸೆ ಹೊತ್ತ ಒಬ್ಬ ನಳ ರಿಪೇರಿಯವನು ಹಳ್ಳ ಹಾರಿ, ಗೋಡೆ ಜಿಗಿದು, ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸಬೇಕು. ದಾರಿಯಲ್ಲಿ ನಾಣ್ಯಗಳು ಸಿಗುತ್ತವೆ. ನೂರು ನಾಣ್ಯ ಕೂಡಿದರೆ ಒಂದು ಜೀವ ಹೆಚ್ಚು. ಸತ್ತರೂ ಆ ಹೆಚ್ಚಿನ ಜೀವದಿಂದ ಮತ್ತೆ ಎದ್ದು ಆಡಬಹುದು. ಮಜಲು ಮಜಲಾಗಿ ಏರಿದಂತೆ ವೈರಿಯೂ ಬಲಿಷ್ಠನಾಗುತ್ತಾನೆ. ಅಂಕ, ನಾಣ್ಯ, ಮಜಲು, ಹೆಚ್ಚಿನ ಜೀವ ಇವೇ ಈ ಬಗೆಯ ಗೇಮಿನ ವ್ಯಾಕರಣ.

ಈ ವ್ಯಾಕರಣವನ್ನೇ ಇಡಿಯಾಗಿ ಎತ್ತಿಕೊಂಡು ಮಾಡಿದ ನಗೆಚಿತ್ರವೊಂದಿದೆ. ಅದರ ಹೆಸರು 'ಸ್ಕಾಟ್ ಪಿಲ್‌ಗ್ರಿಮ್ ವರ್ಸಸ್ ದಿ ವರ್ಲ್ಡ್'. ಕೆನಡಾ ದೇಶದ ಬ್ರಯಾನ್ ಲೀ ಓಮ್ಯಾಲಿ ಎಂಬ ಲೇಖಕ-ಚಿತ್ರಕಾರ 2004ರಿಂದ 2010ರವರೆಗೆ ಆರು ಪುಸ್ತಕಗಳಲ್ಲಿ ಬರೆದ ಚಿತ್ರಕಥೆ ಅದರ ಮೂಲ. ಇಂಗ್ಲಂಡಿನ ಎಡ್ಗರ್ ರೈಟ್ ನಿರ್ದೇಶಿಸಿದ ಈ ಚಿತ್ರ 2010ರ ಅಗಸ್ಟದಲ್ಲಿ ತೆರೆ ಕಂಡಿತು. ಖರ್ಚಾದದ್ದು ಸುಮಾರು 6 ಕೋಟಿ ಡಾಲರು. ಮೊದಲ ಬಿಡುಗಡೆಯಲ್ಲಿ ಲೋಕದ ಎಲ್ಲ ಕಡೆಯಿಂದ ಕೂಡಿ ಬಂದದ್ದು 5 ಕೋಟಿಗೂ ಕಡಿಮೆ. ವ್ಯಾಪಾರದ ಲೆಕ್ಕದಲ್ಲಿ ಅದು ನಪಾಸಾದ ಚಿತ್ರ. ಆದರೆ ಮುಂದೆ ವರುಷಗಳು ಕಳೆದಂತೆ ಅದನ್ನು ಮೆಚ್ಚುವವರು ಹೆಚ್ಚಿದರು. ಗಲ್ಲಾಪೆಟ್ಟಿಗೆ ಒಂದನ್ನೇ ಅಳತೆಗೋಲಾಗಿ ಹಿಡಿಯಬಾರದೆಂಬುದಕ್ಕೆ ಇದೊಂದು ನಿದರ್ಶನ.

ಕಥೆ ಸರಳ. ಟೊರಾಂಟೊ ನಗರದಲ್ಲಿ ಸ್ಕಾಟ್ ಎಂಬ 22 ವರುಷದ ತರುಣ. ಉದ್ಯೋಗವಿಲ್ಲ, ಜವಾಬ್ದಾರಿಯಿಲ್ಲ. ಗೆಳೆಯರ ಜೊತೆ ವಾದ್ಯ ಬಾರಿಸುವುದು, ಗೇಮು ಆಡುವುದು, ಇನ್ನೊಬ್ಬರ ಕೋಣೆಯಲ್ಲಿ ಮಲಗುವುದು ಇಷ್ಟೇ ಅವನ ದಿನಚರಿ. ಅವನು ರಮೋನಾ ಎಂಬ ಯುವತಿಯನ್ನು ಮೆಚ್ಚುತ್ತಾನೆ. ಆದರೆ ಆಕೆಯ ಸ್ನೇಹ ಬೇಕಾದರೆ, ಹಿಂದೆ ಆಕೆಯನ್ನು ಮೆಚ್ಚಿದ್ದ ಏಳು ಜನರನ್ನು ಒಬ್ಬೊಬ್ಬರಾಗಿ ಕಾಳಗದಲ್ಲಿ ಸೋಲಿಸಬೇಕು. ಒಬ್ಬೊಬ್ಬರೂ ಗೇಮಿನ ಒಂದೊಂದು ಮಜಲಿನ ಕಾವಲುಗಾರರಿದ್ದಂತೆ.

ಈ ಕಥೆಯನ್ನು ಹೇಳಿದ ಬಗೆ ವಿಶೇಷವಾದುದು. ಆರಂಭದಲ್ಲಿ ಕಾಣುವ ಯೂನಿವರ್ಸಲ್ ಕಂಪನಿಯ ಭೂಗೋಳವೂ ಹಳೆಯ ಗೇಮಿನಂತೆ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಅದರ ವಾದ್ಯವೂ ಗೇಮಿನ ಕೀಚು ದನಿಯಲ್ಲಿ ಕೇಳುತ್ತದೆ. ಬಾಗಿಲ ಗಂಟೆ ಬಾರಿಸಿದರೆ ಅದರ ಸದ್ದು ಅಕ್ಷರಗಳಾಗಿ ತೆರೆಯ ಮೇಲೆ ಹಾರುತ್ತದೆ. ಹೊಡೆತ ಬಿದ್ದರೆ ಅಂಕಗಳು ಮೇಲೇಳುತ್ತವೆ. ಸೋತವನ ರಕ್ತ ಹರಿಯುವುದಿಲ್ಲ. ಆತ ಫಕ್ಕನೆ ನಾಣ್ಯಗಳ ರಾಶಿಯಾಗಿ ಉದುರಿಬಿಡುತ್ತಾನೆ. ನಿಜದ ಜಗತ್ತಿನಲ್ಲಿ ಹೀಗೆ ನಡೆಯುವುದಿಲ್ಲವೆಂದು ಮಾಡಿದವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಆ ಒಪ್ಪಂದದ ಮೇಲೆಯೇ ನಗು ಹುಟ್ಟುತ್ತದೆ.

ಎರಡು ಪ್ರಸಂಗಗಳನ್ನು ಇಲ್ಲಿ ಹೇಳಬೇಕು. ಸ್ಕಾಟನ ಮೊದಲನೆಯ ವೈರಿಯ ಹೆಸರು ಮ್ಯಾಥ್ಯೂ ಪಟೇಲ್. ಭಾರತೀಯ ಮೂಲದವನು; ಆ ಪಾತ್ರವನ್ನು ಮಾಡಿದ ಸತ್ಯ ಭಾಭಾ ಅವರೂ ಭಾರತೀಯ ಮೂಲದವರೇ. ಈತ ಕಾಳಗದ ನಟ್ಟನಡುವೆ ನಮ್ಮ ಹಿಂದಿ ಸಿನೇಮಾದವರಂತೆ ಹಾಡಿ ಕುಣಿಯಲು ಆರಂಭಿಸುತ್ತಾನೆ! ಕೊನೆಗೆ ಅವನು ಸೋತು ನಾಣ್ಯಗಳಾಗಿ ಉದುರಿದಾಗ ಸ್ಕಾಟ್ ಹಿಗ್ಗಿನಿಂದ ಆರಿಸಿಕೊಂಡು ಎಣಿಸುತ್ತಾನೆ. ಒಟ್ಟು ಎರಡು ಡಾಲರು ಚಿಲ್ಲರೆ. ಮನೆಗೆ ಹೋಗುವ ಬಸ್ಸಿನ ಚಾರ್ಜಿಗೂ ಅದು ಸಾಲದು! ಗೇಮಿನಲ್ಲಿ ಲಕ್ಷ ಅಂಕ ಗಳಿಸಿದ ನಮ್ಮ ಹುಡುಗರು ಈ ದೃಶ್ಯವನ್ನು ಎರಡು ಸಲ ನೋಡಬೇಕು. ಆ ಲಕ್ಷದಿಂದ ಜತ್ತಕ್ಕೆ ಹೋಗುವ ಎಸ್.ಟಿ. ಟಿಕೆಟು ಬರುತ್ತದೆಯೇ? ಒಂದು ಕೊಡ ನೀರು ಬರುತ್ತದೆಯೇ?

ಇನ್ನೊಬ್ಬ ವೈರಿಗೆ ಹಾಲು, ಮೊಸರು, ಬೆಣ್ಣೆಗಳನ್ನೂ ಬಿಟ್ಟ ಕಟ್ಟಾ ಸಸ್ಯಾಹಾರದ ವ್ರತದಿಂದ ಮಂತ್ರಶಕ್ತಿ ಬಂದಿರುತ್ತದೆ. ಅವನನ್ನು ಬಲದಿಂದ ಗೆಲ್ಲಲಾಗದ ಸ್ಕಾಟ್ ಉಪಾಯ ಹೂಡಿ, ಹಾಲು ಬೆರೆಸಿದ ಕಾಫಿ ಕುಡಿಸಿಬಿಡುತ್ತಾನೆ. ಒಡನೆ ಆ ವ್ರತದ ಪೋಲೀಸರೇ ಗೋಡೆ ಒಡೆದು ಬಂದು ಅವನ ಶಕ್ತಿಯನ್ನು ಜಪ್ತಿ ಮಾಡುತ್ತಾರೆ. ಹಾಲು ಕುಡಿದು ಶಕ್ತಿ ಕಳೆದುಕೊಂಡವನನ್ನು ಕಂಡರೆ ನಮ್ಮ ಊರಿನ ಎಮ್ಮೆ ಸಾಕಿದವರು ನಗದೆ ಇರಲಾರರು. ಆದರೆ ಈ ಉಪಾಯ ನಮಗೆ ಹೊಸದೇ? ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಂಡು ಬೂದಿಯಾದ ಭಸ್ಮಾಸುರನ ಕಥೆ ಗೊತ್ತಿಲ್ಲದ ಮಗು ನಮ್ಮಲ್ಲಿ ಯಾರಿದೆ?

ಈ ಹೋಲಿಕೆಯನ್ನು ಸುಮ್ಮನೆ ತಂದಿಲ್ಲ. ಇಂಥ ಚಿತ್ರಗಳ ಬಗ್ಗೆ ದೊಡ್ಡವರು ಎತ್ತುವ ಮೊದಲ ಆಕ್ಷೇಪ, 'ಇದರಲ್ಲಿ ಯಾವುದೂ ನಿಜದಂತೆ ಇಲ್ಲ' ಎಂಬುದು. ನಿಜದಂತೆ ಇರಬೇಕೆಂಬ ಕಟ್ಟಳೆ ನಮ್ಮ ಆಟಗಳಿಗೆ ಎಂದು ಇತ್ತು? ದೊಡ್ಡಾಟದಲ್ಲಿ ವೀರನು ಭುಜಕೀರ್ತಿ ಕಟ್ಟಿ ಕುಣಿಯುತ್ತ ಬರುತ್ತಾನೆ. ಸಾರಥಿ ಅಡ್ಡ ನಿಂತು 'ತಾವು ಯಾರು, ಯಾವ ದೇಶ, ಬಂದ ಕಾರಣವೇನು' ಎಂದು ಕೇಳುತ್ತಾನೆ. ಉತ್ತರ ಬಂದ ಮೇಲೆಯೇ ಕಥೆ ಮುಂದೆ ಸಾಗುತ್ತದೆ. ಗೇಮಿನಲ್ಲಿಯೂ ಕಾಳಗಕ್ಕೆ ಮೊದಲು ಆಟಗಾರನ ಹೆಸರು, ಬಲ ಎಲ್ಲವೂ ತೆರೆಯ ಮೇಲೆ ಮೂಡುತ್ತವೆ. ಎರಡು ಹೆಜ್ಜೆ ಕುಣಿದರೆ ಕಾಡು ದಾಟಿದಂತೆ, ನಾಲ್ಕು ಸುತ್ತು ತಿರುಗಿದರೆ ಯುದ್ಧ ಮುಗಿದಂತೆ. ಏಳು ಸಮುದ್ರದ ಆಚೆ, ಗಿಳಿಯ ಹೊಟ್ಟೆಯೊಳಗೆ ರಾಕ್ಷಸನ ಪ್ರಾಣ ಅಡಗಿರುವ ಕಥೆಯನ್ನು ಅಜ್ಜಿಯರು ಹೇಳುತ್ತಲೇ ಬಂದಿದ್ದಾರೆ. ಏಳು ಮಜಲು, ಕೊನೆಯಲ್ಲಿ ವೈರಿಯ ಮರ್ಮಸ್ಥಾನ. ಯಂತ್ರ ಹೊಸದು, ಕಥೆಯ ಅಸ್ತಿಭಾರ ಹಳೆಯದು.

ನಮ್ಮ ಸಾಂಗಲಿ ಜಿಲ್ಲೆಯ ಇತಿಹಾಸವೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದವರು ಸಾಂಗಲಿಗೆ ಬಂದು ತಮ್ಮ ಆಟವನ್ನು ತೋರಿಸಿದರು. ಅದನ್ನು ಕಂಡ ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಅಂಥದೇ ಆಟವನ್ನು ಮರಾಠಿಯಲ್ಲಿ ಕಟ್ಟಲು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರು 'ಸೀತಾ ಸ್ವಯಂವರ'ವನ್ನು ಆಡಿ ತೋರಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ. ಕನ್ನಡದವರು ಕುಣಿದ ಆಟದಿಂದ ಮರಾಠಿ ನಾಟಕ ಚಿಗುರಿತು. ಮುಂದೆ 1934ರಲ್ಲಿ ತೆರೆ ಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ನಮ್ಮ ನೆರೆಯ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಒಂದು ಕಲೆ ಇನ್ನೊಂದರಿಂದ, ಒಂದು ಭಾಷೆ ಇನ್ನೊಂದರಿಂದ ಕಡ ತರುವುದು ನಮ್ಮ ಗಡಿನಾಡಿನಲ್ಲಿ ಅವಮಾನವೆನಿಸಿಲ್ಲ. ಅಂದ ಮೇಲೆ ಸಿನೇಮಾ ಗೇಮಿನಿಂದ ಕಡ ತಂದರೆ ಏಕೆ ಮೂಗು ಮುರಿಯಬೇಕು? ಕೇಳಬೇಕಾದ ಪ್ರಶ್ನೆ ಒಂದೇ: ಕಡ ತಂದುದರಿಂದ ಅದು ಏನನ್ನು ಬೆಳೆಯಿತು?

ಇದಕ್ಕೆ ಉತ್ತರ ಆ ಚಿತ್ರದ ಕೊನೆಯ ಕಾಳಗದಲ್ಲಿದೆ. ಸ್ಕಾಟ್ ಆರು ಜನರನ್ನು ದಾಟಿ ಏಳನೆಯವನ ಎದುರು ನಿಲ್ಲುತ್ತಾನೆ. ಪ್ರೇಮದ ಬಲದಿಂದ ಅವನ ಎದೆಯೊಳಗಿಂದಲೇ ಉರಿಯುವ ಖಡ್ಗವೊಂದು ಹೊರಬರುತ್ತದೆ. ಸಾಧಾರಣ ಸಿನೇಮಾ ಆಗಿದ್ದರೆ ಅಲ್ಲಿಗೆ ವೈರಿ ಸತ್ತು ಶುಭಂ ಆಗುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ಸ್ಕಾಟನೇ ಸಾಯುತ್ತಾನೆ! ಆದರೆ ಹಿಂದಿನ ಮಜಲಿನಲ್ಲಿ ಅವನಿಗೆ ಒಂದು ಹೆಚ್ಚಿನ ಜೀವ ಸಿಕ್ಕಿತ್ತು. ಅದರಿಂದ ಅವನು ಎದ್ದು, ಅದೇ ಮಜಲನ್ನು ಮತ್ತೆ ಮೊದಲಿನಿಂದ ಆಡುತ್ತಾನೆ.

ಎರಡನೆಯ ಸಲ ಅವನು ಹೆಚ್ಚು ಜೋರಾಗಿ ಹೊಡೆದು ಗೆಲ್ಲುತ್ತಾನೆಯೇ? ಇಲ್ಲ. ಅವನು ತನ್ನ ತಪ್ಪುಗಳ ಲೆಕ್ಕ ಒಪ್ಪಿಸುತ್ತಾನೆ. ಇನ್ನೂ ಶಾಲೆ ಕಲಿಯುತ್ತಿದ್ದ ಒಬ್ಬ ಹುಡುಗಿಗೆ ಅವನು ಹುಸಿ ಆಸೆ ಹುಟ್ಟಿಸಿ, ಹೇಳದೆ ಕೇಳದೆ ಇನ್ನೊಬ್ಬಳ ಹಿಂದೆ ಹೋಗಿದ್ದ. ಈಗ ಆಕೆಯ ಎದುರು ನಿಂತು ಕ್ಷಮೆ ಕೇಳುತ್ತಾನೆ. ತಾನು ನಿರ್ಲಕ್ಷಿಸಿದ್ದ ಹಳೆಯ ಗೆಳತಿಯ ಕ್ಷಮೆಯನ್ನೂ ಬೇಡುತ್ತಾನೆ. ಈ ಸಲ ಅವನ ಎದೆಯಿಂದ ಇನ್ನೊಂದು ಖಡ್ಗ ಹೊರಬರುತ್ತದೆ. ಅದರ ಹೆಸರು ಪ್ರೇಮದ ಬಲವಲ್ಲ, ಆತ್ಮಗೌರವದ ಬಲ. ಕೊನೆಗೆ ಅವನ ಕೆಟ್ಟ ಗುಣಗಳೇ ಮೂರ್ತಿವೆತ್ತ ಇನ್ನೊಬ್ಬ ಕರಿಯ ನೆರಳಿನ ಸ್ಕಾಟ್ ಎದುರಾಗುತ್ತಾನೆ. ಎಲ್ಲರೂ ಘೋರ ಯುದ್ಧವನ್ನು ನಿರೀಕ್ಷಿಸಿದಾಗ, ಇಬ್ಬರೂ ಮಾತಾಡುತ್ತ ಗೆಳೆಯರಂತೆ ಹೊರಗೆ ನಡೆದು ಬರುತ್ತಾರೆ. ಹೊರಗಿನ ಏಳು ಜನರನ್ನು ಹೊಡೆಯಬಹುದು. ಒಳಗಿನವನನ್ನು ಹೊಡೆಯಲು ಬಾರದು, ಗುರುತಿಸಿ ಒಪ್ಪಿಕೊಳ್ಳಬೇಕು. ಇಷ್ಟು ಹಿರಿದಾದ ಮಾತನ್ನು ಉಪದೇಶದ ಸೋಂಕಿಲ್ಲದೆ, ನಗೆಯ ಬೆಲ್ಲದಲ್ಲಿಟ್ಟು ಆ ಚಿತ್ರ ನುಂಗಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, ಹೆಚ್ಚಿನ ಜೀವ ನಿಮಗೂ ಉಂಟು. ಎಸ್.ಎಸ್.ಸಿ. ಪರೀಕ್ಷೆಯಲ್ಲಿ ನಪಾಸಾದವರಿಗೆ ಮಂಡಳಿಯು ಪೂರಕ ಪರೀಕ್ಷೆಯನ್ನು ನಡೆಸುತ್ತದೆ. ನಪಾಸಾದೊಡನೆ ಲೋಕವೇ ಮುಳುಗಿತೆಂದು ಬಗೆದು ಮನೆ ಬಿಡುವ, ಶಾಲೆ ಬಿಡುವ, ಅದಕ್ಕಿಂತ ಕೆಟ್ಟ ಯೋಚನೆ ಮಾಡುವ ಮಕ್ಕಳ ಸುದ್ದಿ ಪ್ರತಿವರುಷ ವೃತ್ತಪತ್ರಿಕೆಗಳಲ್ಲಿ ಬರುತ್ತದೆ. ಅವರಿಗೆ ಹೇಳಬೇಕಾದ ಮಾತು ಇದೇ: ಒಂದು ಮಜಲಿನ ಸೋಲು ಆಟದ ಕೊನೆಯಲ್ಲ. ಆದರೆ ಎರಡನೆಯ ಸಲವೂ ಮೊದಲಿನಂತೆಯೇ ಆಡಿದರೆ ಮೊದಲಿನಂತೆಯೇ ಸೋಲುತ್ತೇವೆ. ಎಲ್ಲಿ ಎಡವಿದೆನೆಂದು ತಿಳಿದು ಎದ್ದವನಿಗೆ ಮಾತ್ರ ಎರಡನೆಯ ಅವಕಾಶದಿಂದ ಪ್ರಯೋಜನ. ಪಾಲಕರೂ ಈ ಮಾತನ್ನು ನೆನಪಿನಲ್ಲಿಡಬೇಕು. ನಪಾಸಾದ ಮಗುವಿಗೆ ಮೊದಲ ದಿನ ಬೇಕಾದುದು ಬೈಗಳಲ್ಲ, ಬಿಸಿ ರೊಟ್ಟಿ.

ಆ ಚಿತ್ರದಲ್ಲಿ ದೋಷಗಳಿಲ್ಲವೇ? ಇವೆ. ಏಳು ಜನರನ್ನು ಸೋಲಿಸಿದವನಿಗೆ ಒಬ್ಬ ಹೆಣ್ಣು ಬಹುಮಾನ ಎಂಬಂತೆ ಕಥೆಯ ಚೌಕಟ್ಟು ನಿಂತಿದೆ. ಇದು ನನಗೆ ಒಪ್ಪಿಗೆಯಾಗದ ಸಂಗತಿ. ಕೊನೆಯಲ್ಲಿ ರಮೋನಾ ತನ್ನ ದಾರಿಯನ್ನು ತಾನೇ ಆರಿಸುತ್ತಾಳೆಂಬುದು ನಿಜ; ಆದರೂ ಅಲ್ಲಿಯವರೆಗೆ ಆಕೆ ಹೆಚ್ಚಾಗಿ ನಿಂತು ನೋಡುವವಳೇ. ಈ ದೋಷ ಪರದೇಶದ್ದು ಮಾತ್ರವಲ್ಲ. ಬಿಲ್ಲು ಮುರಿದವನಿಗೆ ಸೀತೆ, ಮತ್ಸ್ಯಯಂತ್ರ ಹೊಡೆದವನಿಗೆ ದ್ರೌಪದಿ ಎಂಬ ಕಥೆಗಳನ್ನು ನಾವೂ ಆಡಿದವರೇ. ಜೂಜಿನಲ್ಲಿ ಹೆಂಡತಿಯನ್ನೇ ಪಣಕ್ಕೆ ಇಟ್ಟ ಕಥೆಯೂ ನಮ್ಮದೇ. ಆದರೆ ಅದೇ ಮಹಾಭಾರತದಲ್ಲಿ ದ್ರೌಪದಿ ತುಂಬಿದ ಸಭೆಯಲ್ಲಿ ಪ್ರಶ್ನೆ ಕೇಳುತ್ತಾಳೆ, ತನ್ನನ್ನು ತಾನು ಸೋತವನಿಗೆ ನನ್ನನ್ನು ಪಣವಿಡುವ ಅಧಿಕಾರ ಎಲ್ಲಿತ್ತು ಎಂದು. ಹಿರಿಯರ ಸಭೆ ತಲೆ ತಗ್ಗಿಸಿತು. ನಮ್ಮ ಗಂಡುಹುಡುಗರು ಗೇಮಿನ ರಾಜಕುಮಾರಿಯನ್ನು ಬಿಡಿಸುವಾಗಲೂ ಆ ಪ್ರಶ್ನೆಯನ್ನು ಮರೆಯಬಾರದು. ಹೆಣ್ಣುಮಕ್ಕಳು ಯಾರ ಬಹುಮಾನವೂ ಅಲ್ಲ, ಅವರೂ ಆಟಗಾರರೇ.

ಇನ್ನು ಎರಡನೆಯ ಆಕ್ಷೇಪ, ಗೇಮಿನ ಚಟ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಗೇಮಿನ ಗೀಳಿಗೂ ಸ್ಥಾನ ದೊರೆತಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಅದೇ ಹೆಚ್ಚಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥವರಿಗಾಗಿ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. 2020ರ ಸಪ್ಟೆಂಬರದಲ್ಲಿ ಭಾರತ ಸರಕಾರ 'ಪಬ್‌ಜಿ' ಗೇಮನ್ನು ನಿಷೇಧಿಸಿದಾಗ ಅನೇಕ ಪಾಲಕರು ನಿಟ್ಟುಸಿರು ಬಿಟ್ಟರು. ಮರುವರುಷವೇ ಅದು ಬೇರೆ ಹೆಸರಿನಿಂದ ಮರಳಿ ಬಂದಿತು. 2025ರ ಅಗಸ್ಟದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು ಕಾಯಿದೆಯನ್ನೇ ಮಾಡಿತು. ಧರ್ಮರಾಯನ ಕಾಲದ ಜೂಜು ಕೈಯೊಳಗಿನ ಗಾಜಿನ ತುಂಡಿಗೆ ಇಳಿದು ಬಂದಾಗ ಕಾಯಿದೆ ಬೇಕೇ ಬೇಕು.

ಆದರೆ ಕಾಯಿದೆಯು ಬಾಗಿಲಿಗೆ ಬೀಗ ಹಾಕಬಲ್ಲದು, ಮನಸ್ಸಿಗೆ ಹಾಕಲಾರದು. ಗೇಮು ಆಡುವ ಹುಡುಗನಿಗೆ ತಾನು ಕಾಣುವುದಿಲ್ಲ. ಅವನ ಕಣ್ಣು ತೆರೆಯಲ್ಲಿ, ಬೆರಳು ಗುಂಡಿಯಲ್ಲಿ. ತಾಯಿ ಮೂರು ಸಲ ಕೂಗಿದ್ದು ಕಿವಿಗೆ ಬೀಳುವುದಿಲ್ಲ. ಅದೇ ಹುಡುಗ, ಗೇಮನ್ನೇ ಲೋಕವೆಂದು ಬಗೆದ ಇನ್ನೊಬ್ಬನ ಕಥೆಯನ್ನು ಹೊರಗೆ ಕುಳಿತು ನೋಡಿದಾಗ, ಅವನ ಪೆದ್ದುತನಕ್ಕೆ ನಗುತ್ತಾನೆ. ನಗುತ್ತ ನಗುತ್ತ ಒಂದು ಗಳಿಗೆಯಲ್ಲಿ 'ಅರೆ, ಇವನು ನನ್ನಂತೆಯೇ ಇದ್ದಾನಲ್ಲ' ಎಂದು ಹೊಳೆಯಬಹುದು. ಬೈಗಳು ಮಾಡಲಾರದ ಕೆಲಸವನ್ನು ಆ ಒಂದು ಗಳಿಗೆ ಮಾಡೀತು. ನಮ್ಮ 'ಕೃಷ್ಣ ಪಾರಿಜಾತ'ದಲ್ಲಿ ಸತ್ಯಭಾಮೆಯ ಸೊಕ್ಕು ಇಳಿಯುವುದು ಬಾಣದಿಂದಲ್ಲ, ಕೃಷ್ಣನ ಆಟದಿಂದ. ಅದನ್ನು ನೋಡಿ ನಗುವ ನಮ್ಮ ಹೆಣ್ಣುಮಕ್ಕಳು, ಗಂಡಸರು ತಮ್ಮ ತಮ್ಮ ಸೊಕ್ಕನ್ನೂ ಅಷ್ಟಿಷ್ಟು ಕಂಡುಕೊಂಡೇ ಮನೆಗೆ ಬರುತ್ತಿದ್ದರು. ನಗೆಯು ಕನ್ನಡಿಯ ಕೆಲಸ ಮಾಡುವುದು ಹೀಗೆ.

ಸ್ಕಾಟನ ಕಥೆ ಬೆಳೆದ ತರುಣರದು. ಅಮೇರಿಕೆಯಲ್ಲಿಯೂ ಅದಕ್ಕೆ 13 ವರುಷಕ್ಕಿಂತ ಚಿಕ್ಕವರ ವಿಷಯದಲ್ಲಿ ಪಾಲಕರು ಎಚ್ಚರದಿಂದಿರಬೇಕೆಂಬ ದರ್ಜೆ ಕೊಟ್ಟಿದ್ದಾರೆ. ಆದುದರಿಂದ ಅದನ್ನು ಮೊದಲು ದೊಡ್ಡವರು ನೋಡಲಿ. ಚಿಕ್ಕವರಿಗೂ ಇದೇ ಜಾತಿಯ ಚಿತ್ರಗಳಿವೆ. 2012ರ 'ರೆಕ್-ಇಟ್ ರಾಲ್ಫ್' ಎಂಬ ಡಿಸ್ನಿ ಕಂಪನಿಯ ವ್ಯಂಗ್ಯಚಿತ್ರದಲ್ಲಿ, ಗೇಮಿನೊಳಗಿನ ಖಳನಾಯಕನು ದಿನವೂ ಕೆಟ್ಟವನಾಗಿ ಬೇಸತ್ತು, ತನಗೂ ಒಂದು ಪದಕ ಬೇಕೆಂದು ಹೊರಡುತ್ತಾನೆ. ಕೊನೆಗೆ, ಪದಕವಿಲ್ಲದೆಯೂ ಒಳ್ಳೆಯವನಾಗಿರಬಹುದೆಂದು ತಿಳಿಯುತ್ತಾನೆ. ರಾತ್ರಿಯೆಲ್ಲ ರಾವಣನಾಗಿ ಆರ್ಭಟಿಸಿದ ಒಕ್ಕಲಿಗನು ಬೆಳಿಗ್ಗೆ ಬಣ್ಣ ತೊಳೆದುಕೊಂಡು ಎತ್ತುಗಳಿಗೆ ನೀರು ಕುಡಿಸುವುದನ್ನು ಕಂಡ ನಮಗೆ ಈ ಕಥೆ ತಿಳಿಯುವುದು ಕಠಿಣವಲ್ಲ. 2017ರ 'ಜುಮಾಂಜಿ' ಚಿತ್ರದಲ್ಲಿಯಂತೂ ಶಾಲೆಯಲ್ಲಿ ಶಿಕ್ಷೆಗೆ ಒಳಗಾದ ನಾಲ್ವರು ಮಕ್ಕಳು ಹಳೆಯ ಗೇಮೊಂದರೊಳಗೆ ಎಳೆಯಲ್ಪಡುತ್ತಾರೆ. ಒಬ್ಬೊಬ್ಬರಿಗೂ ಮೂರು ಮೂರು ಜೀವ. ಅಳುಕುವ ಹುಡುಗನಿಗೆ ಜಟ್ಟಿಯ ದೇಹ, ಬಲಿಷ್ಠ ಆಟಗಾರನಿಗೆ ಕುಳ್ಳನ ದೇಹ ಬರುತ್ತದೆ. ಒಬ್ಬರನ್ನೊಬ್ಬರು ಅರಿತು ಕೂಡಿ ನಡೆದರೆ ಮಾತ್ರ ಹೊರದಾರಿ. ಮನೆಮಂದಿಯೆಲ್ಲ ಕೂಡಿ ನೋಡಿ ನಗಬಹುದಾದ ಚಿತ್ರವದು.

ಕನ್ನಡದಲ್ಲಿ ಇಂಥದು ಸಾಧ್ಯವಿಲ್ಲವೇ ಎಂದು ಕೇಳುವವರಿಗೆ 2019ರ ಡಿಸೆಂಬರದಲ್ಲಿ ಬಂದ 'ಅವನೇ ಶ್ರೀಮನ್ನಾರಾಯಣ' ಚಿತ್ರವನ್ನು ತೋರಿಸಬಹುದು. ಸಚಿನ್ ರವಿಯವರು ನಿರ್ದೇಶಿಸಿ, ರಕ್ಷಿತ್ ಶೆಟ್ಟಿಯವರು ನಾಯಕರಾಗಿ ನಟಿಸಿದ ಈ ಚಿತ್ರ ಗೇಮಿನಿಂದ ಹುಟ್ಟಿದ್ದಲ್ಲ. ಆದರೆ ಅದರ ನಡೆ ಗೇಮಿನದೇ. ಅಮರಾವತಿ ಎಂಬ ಕಲ್ಪನೆಯ ಊರು, ಕಳೆದುಹೋದ ಲೂಟಿಯ ನಿಧಿ, ಒಂದು ಸುಳಿವಿನಿಂದ ಇನ್ನೊಂದು ಸುಳಿವಿಗೆ ಜಿಗಿಯುವ ಚತುರ ಪೋಲೀಸ ಅಧಿಕಾರಿ. ಎಲ್ಲವೂ ಬೇಕೆಂದೇ ನಿಜಕ್ಕಿಂತ ಹೆಚ್ಚು ಬಣ್ಣದಲ್ಲಿದೆ. ನನಗೆ ಅತ್ಯಂತ ಹಿಡಿಸಿದ ಸಂಗತಿಯೆಂದರೆ, ಆ ನಿಧಿಯನ್ನು ಅಡಗಿಸಿದವರು ಒಂದು ನಾಟಕ ಮಂಡಳಿಯವರು! ಹೊಸ ಮಾದರಿಯ ಚಿತ್ರಕ್ಕೂ ನಿಧಿ ದೊರೆತದ್ದು ಹಳೆಯ ರಂಗಭೂಮಿಯ ಪೆಟ್ಟಿಗೆಯಿಂದಲೇ ಎಂದು ಅರ್ಥ ಮಾಡಿದರೆ ತಪ್ಪಾಗದು.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಪರಭಾಷೆಯ ಚಿತ್ರಗಳನ್ನು ಕನ್ನಡದ ಮಾತಿಗೆ ಇಳಿಸಿ ತೋರಿಸುವುದಕ್ಕೆ ಬಹುಕಾಲ ಚಿತ್ರೋದ್ಯಮದಲ್ಲಿ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸರಿಯಲ್ಲವೆಂದು ತೀರ್ಪು ಕೊಟ್ಟಿತು. 2017ರಿಂದ ಅಂಥ ಚಿತ್ರಗಳು ಬರತೊಡಗಿದವು. ಆ ತಡೆಗೆ ಕನ್ನಡ ಕಲಾವಿದರ ಹೊಟ್ಟೆಪಾಡಿನ ಕಾರಣವಿದ್ದೀತು. ಆದರೆ ಅದರಿಂದ ಗಡಿಯ ಈಚೆಗಿನ ನಮ್ಮ ಮಕ್ಕಳು, ಹೊಸದೆಲ್ಲವೂ ಹಿಂದಿ-ಇಂಗ್ಲೀಷಿನಲ್ಲಿ ಮಾತ್ರ ಇರುತ್ತದೆ, ಕನ್ನಡವೆಂದರೆ ಪಾಠದ ಪುಸ್ತಕ ಮತ್ತು ಅಜ್ಜಿಯ ಮಾತು ಎಂದು ಬಗೆಯುವಂತಾಯಿತು. ಕನ್ನಡ ಶಾಲೆಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆಯಿಲ್ಲ. ಮಗು ಯಾವ ಭಾಷೆಯಲ್ಲಿ ನಗುವುದೋ ಆ ಭಾಷೆ ಅದರ ಬಾಯಲ್ಲಿ ಉಳಿಯುತ್ತದೆ. ಪರೀಕ್ಷೆಗೆಂದು ಕಲಿತ ಮಾತು ಪರೀಕ್ಷೆಯ ಜೊತೆ ಹೋಗುತ್ತದೆ.

ಆದುದರಿಂದ ನನ್ನ ಸೂಚನೆಯೊಂದಿದೆ. ಬರುವ ವರುಷದ ಸ್ನೇಹಸಮ್ಮೇಳನಕ್ಕೆ ವಿದ್ಯಾರ್ಥಿಗಳೇ ಒಂದು ಆಟವನ್ನು ಬರೆಯಲಿ. 'ಮೊಬೈಲಾಸುರ ಪ್ರಸಂಗ' ಎಂದು ಹೆಸರಿಡಿರಿ. ಭಾಗವತ ಇರಲಿ, ಸಾರಥಿ ಇರಲಿ, ತಾಳ-ಮದ್ದಳೆ ಇರಲಿ. ಮೊಬೈಲಾಸುರನು ಕುಣಿಯುತ್ತ ಬರಲಿ. ಸಾರಥಿ ಅವನ ಊರು, ಕೇರಿ, ಬಂದ ಕಾರಣ ಕೇಳಲಿ. ಕಥಾನಾಯಕನು ಮಜಲು ಮಜಲಾಗಿ ಸಾಗಲಿ: ಮೊದಲ ಬಾಗಿಲಲ್ಲಿ ನಿದ್ದೆ, ಎರಡನೆಯದರಲ್ಲಿ ಮನೆಗೆಲಸ, ಮೂರನೆಯದರಲ್ಲಿ ತಾಯಿಯ ಕೂಗು. ಕೊನೆಯ ಬಾಗಿಲಲ್ಲಿ ನಿಂತವನು ಯಾರೆಂಬುದನ್ನು ನೀವೇ ಯೋಚಿಸಿರಿ. ಹೆಣ್ಣುಮಕ್ಕಳು ಬರೀ ಆರತಿ ಹಿಡಿದು ನಿಲ್ಲದೆ ಖಡ್ಗ ಹಿಡಿದು ಕುಣಿಯಲಿ. ಊರಿನ ಹಿರಿಯ ಕಲಾವಿದರನ್ನು ಕರೆದು ಹೆಜ್ಜೆ ಕಲಿಯಿರಿ. ಅವರಿಗೆ ಗೇಮಿನ ಮಜಲುಗಳೆಂದರೇನೆಂದು ನೀವು ಕಲಿಸಿರಿ. ಅಜ್ಜನಿಗೆ ಮೊಮ್ಮಗನ ಆಟ, ಮೊಮ್ಮಗನಿಗೆ ಅಜ್ಜನ ಆಟ ತಿಳಿದಂತಾಗುವುದು.

ಪಾಲಕ ಬಂಧುಗಳಲ್ಲಿ ಒಂದೇ ಅರಿಕೆ. ಮಗ ಮೊಬೈಲು ಹಿಡಿದು ನಗುತ್ತಿದ್ದರೆ ಕಸಿದುಕೊಳ್ಳುವ ಮೊದಲು ಪಕ್ಕದಲ್ಲಿ ಕುಳಿತು 'ಏನಪ್ಪಾ ಅದು, ನನಗೂ ತೋರಿಸು' ಎನ್ನಿರಿ. ಅದು ಜೂಜಿನ ಗೇಮಾಗಿದ್ದರೆ ನಿಮಗೆ ಅಲ್ಲಿಯೇ ಗೊತ್ತಾಗುತ್ತದೆ. ಆಗ ನಿಷ್ಠುರವಾಗಿ ನಿಲ್ಲಿಸಿರಿ. ಒಳ್ಳೆಯ ನಗೆಯ ಚಿತ್ರವಾಗಿದ್ದರೆ ಕೂಡಿ ನೋಡಿರಿ, ಮುಗಿದ ಮೇಲೆ ಎರಡು ಮಾತು ಕೇಳಿರಿ: ಅವನು ಗೆದ್ದದ್ದು ಹೇಗೆ? ಗೆದ್ದು ಪಡೆದದ್ದೇನು? ಈ ಎರಡು ಪ್ರಶ್ನೆಗಳಿಗೆ ತಾನೇ ಉತ್ತರ ಹುಡುಕಲು ಕಲಿತ ಮಗುವನ್ನು ಯಾವ ಗೇಮೂ ಸುಲಭವಾಗಿ ಸೆರೆ ಹಿಡಿಯಲಾರದು.